ಹಂದಿ ಸಂರಕ್ಷಕ ಬೇಟೆಗಾರರಿಗೆ ಒಂದು ಅಭಿನಂದನಾ ಪತ್ರ

ಟೆಕ್ಸಾಸಿನ ಖಾಸಗಿ ಜಮೀನುಗಳಲ್ಲಿ ಹಂದಿ ಬೇಟೆಯಾಡುವ, ಆಡಿಸುವ, ಆಡಲೆಂದೇ ಕಾನೂನು ಮಾಡಿಕೊಡುವ ಸಮಸ್ತ ಮಹನೀಯರಿಗೆ ನಮಸ್ಕಾರಗಳು.

ತಾವೆಲ್ಲ ಕ್ಷೇಮವೆಂದು ನಂಬಿದ್ದೇನೆ. ತಮ್ಮ ಹಂದಿಗಳು ಸಕುಟುಂಬ ಕ್ಷೇಮವಾಗಿರುವುದನ್ನಂತೂ ನಂಬಬೇಕಾಗಿಯೇ ಇಲ್ಲ, ಲೆಕ್ಕವೇ ಹೇಳುತ್ತದೆ. ಸಾಕುಹಂದಿಯಾಗಿ ಬಂದು, ತಪ್ಪಿಸಿಕೊಂಡು, ಕಾಡುಪಾಲಾಗಿ ಬೆಳೆದ ಹಂದಿಗಳು ಇಂದು ಅಮೆರಿಕದಲ್ಲಿ 60 ಲಕ್ಷಕ್ಕೂ ಹೆಚ್ಚಿವೆ ಎಂಬುದು ಅಲ್ಲಿನ ಕೃಷಿ ಇಲಾಖೆಯ ಅಂದಾಜು. ಕನಿಷ್ಠ 35 ರಾಜ್ಯಗಳಲ್ಲಿ ಅವುಗಳ ವಾಸ್ತವ್ಯವಿದೆ. ಅದರಲ್ಲಿ 26 ಲಕ್ಷದಷ್ಟು ತಮ್ಮ ಟೆಕ್ಸಾಸಿನವೇ. 254 ಕೌಂಟಿಗಳಲ್ಲಿ ಹಂದಿ ಕಾಲಿಡದ ಕೌಂಟಿ ಹುಡುಕುವುದು ಕಷ್ಟ. ಜೋಳ, ಗೋಧಿ, ಭತ್ತ, ಕಡಲೆಕಾಯಿ ಏನೇ ಬಿತ್ತಿದರೂ ರಾತ್ರೋರಾತ್ರಿ ಸಾಲು ಹಿಡಿದು ಕೆದಕಿ ಬೀಜವನ್ನೇ ತಿನ್ನುತ್ತವೆ. ಹುಲ್ಲುಗಾವಲನ್ನು ಮೂತಿಯಿಂದಲೇ ಉತ್ತುಹಾಕುತ್ತವೆ, ಹಳ್ಳಕೊಳ್ಳದಲ್ಲಿ ಹೊರಳಿ ನೀರು ಕೆಡಿಸುತ್ತವೆ, ಬ್ರುಸೆಲ್ಲೋಸಿಸ್‌ನಂಥ ರೋಗಗಳನ್ನು ಊರೂರಿಗೆ ಹಂಚುತ್ತವೆ. ಇಡೀ ದೇಶಕ್ಕೆ ವರ್ಷಕ್ಕೆ 150 ಕೋಟಿ ಡಾಲರ್ ನಷ್ಟವೆಂಬ ಸರ್ಕಾರಿ ಅಂಕಿ ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಇಷ್ಟೊಂದು ಬಂದೂಕುಗಳ ನಡುವೆ ಒಂದು ಪ್ರಾಣಿ ಇಷ್ಟು ಸುಭಿಕ್ಷವಾಗಿ ಬಾಳುತ್ತಿದೆಯೆಂದರೆ ಅದರ ಹಿಂದೆ ಯಾರದೋ ಶ್ರಮವಿರಲೇಬೇಕು. ಆ ಶ್ರಮ ತಮ್ಮದು ಎಂದು ಸಾದರಪಡಿಸುವುದೇ ಈ ಪತ್ರದ ಉದ್ದೇಶ.

ಮೊದಲಿಗೆ ಇತಿಹಾಸದ ಋಣ. 1539ರಲ್ಲಿ ಸ್ಪೇನಿನ ದಂಡನಾಯಕ ಹೆರ್ನಾಂಡೋ ಡಿ ಸೋಟೊ ಫ್ಲಾರಿಡಾದ ತೀರಕ್ಕೆ ಇಳಿದಾಗ ತನ್ನ ದಂಡಿನ ಊಟಕ್ಕೆಂದು ಹಂದಿಗಳನ್ನೂ ತಂದ. ಆಮೇಲೆ ಬಂದ ವಲಸಿಗರು ಬೇಲಿಯಿಲ್ಲದೆ ಬಿಟ್ಟು ಸಾಕಿದರು, ಕೆಲವು ಕಾಡು ಸೇರಿದವು. ಇಷ್ಟರಲ್ಲೇ ನಿಂತಿದ್ದರೆ ಅದೊಂದು ಸಾಧಾರಣ ಅಜಾಗರೂಕತೆಯಾಗುತ್ತಿತ್ತು. 1930ರ ದಶಕದಲ್ಲಿ ತಮ್ಮ ಪೂರ್ವಿಕರಾದ ಜಮೀನುದಾರರೂ ಬೇಟೆಪ್ರಿಯರೂ ಸೇರಿ ಯುರೋಪಿನ ಕಾಡುಹಂದಿಯನ್ನು ಬೇಟೆಯ ಮೋಜಿಗೆಂದೇ ಟೆಕ್ಸಾಸಿಗೆ ತರಿಸಿ ಬಿಟ್ಟರು. ಅವು ಊರಹಂದಿಯ ಜೊತೆ ಬೆರೆತು ಈಗಿನ ಗಟ್ಟಿಮುಟ್ಟಾದ ತಳಿ ಹುಟ್ಟಿತು. ಆನಂತರದ ದಶಕಗಳಲ್ಲಿ ಹಂದಿ ತಾನಾಗಿ ನಡೆದು ತಲುಪಲಾರದಷ್ಟು ದೂರದ ಕೌಂಟಿಗಳಲ್ಲೂ ಹೊಸ ಹಿಂಡುಗಳು ಕಾಣಿಸಿಕೊಂಡಿವೆ. ಹಂದಿಗೆ ಲಾರಿ ಓಡಿಸಲು ಬರುವುದಿಲ್ಲವಾದ್ದರಿಂದ, ಯಾರೋ ಬೇಟೆಪ್ರಿಯರು ಟ್ರೈಲರಿನಲ್ಲಿ ತುಂಬಿ ತಂದು ಬಿಟ್ಟಿದ್ದಾರೆ ಎಂದೇ ವನ್ಯಜೀವಿ ಅಧಿಕಾರಿಗಳು ತಿಳಿಯುತ್ತಾರೆ. ರೋಗಕ್ಕೆ ಔಷಧಿ ಎಂದು ಈಗ ಹೇಳಲಾಗುತ್ತಿರುವ ಬೇಟೆಯೇ ರೋಗವನ್ನು ಆಮದು ಮಾಡಿಕೊಂಡದ್ದು. ಈ ಒಂದು ಸಂಗತಿ ನೆನಪಿದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ತಜ್ಞರು 2012ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ರಾಜ್ಯದಲ್ಲಿ ಬೇಟೆ, ಬೋನು, ಹೆಲಿಕಾಪ್ಟರ್ ಎಲ್ಲವೂ ಸೇರಿ ವರ್ಷಕ್ಕೆ ನೂರಕ್ಕೆ 29ರಷ್ಟು ಹಂದಿಗಳನ್ನು ಕೊಲ್ಲಲಾಗುತ್ತದೆ. ಸಂಖ್ಯೆ ಏರದೆ ಇದ್ದಲ್ಲೇ ಇರಬೇಕಾದರೂ ನೂರಕ್ಕೆ 66ನ್ನು ಕೊಲ್ಲಬೇಕು. ಇಳಿಯಬೇಕಾದರೆ ಅದಕ್ಕೂ ಮೇಲೆ. ಅಂದರೆ ಏಳೂವರೆ ಲಕ್ಷ ಹಂದಿಗಳ ಹೆಣ ಬಿದ್ದ ವರ್ಷದ ಕೊನೆಗೂ ಹಂದಿಗಳು ಹಿಂದಿನ ವರ್ಷಕ್ಕಿಂತ ಹೆಚ್ಚೇ ಇರುತ್ತವೆ. ಇದರಲ್ಲಿ ಮಾಯಮಂತ್ರವೇನಿಲ್ಲ. ಹೆಣ್ಣು ಹಂದಿ ಹುಟ್ಟಿದ ಆರೆಂಟು ತಿಂಗಳಿಗೇ ಗಬ್ಬವಾಗಬಲ್ಲದು, 115 ದಿನಕ್ಕೆ ಈಯುತ್ತದೆ, ಒಂದು ಸೂಲಿಗೆ ನಾಲ್ಕರಿಂದ ಆರು ಮರಿ. ತಾವು ಶನಿವಾರ, ಭಾನುವಾರಗಳಲ್ಲಿ ಮಾತ್ರ ಬೇಟೆಯಾಡುತ್ತೀರಿ. ಅವುಗಳಿಗೆ ವಾರದ ರಜೆಯಿಲ್ಲ.

ಸಂಖ್ಯೆಗಿಂತ ಸ್ವಾರಸ್ಯವಾದದ್ದು ಹಂದಿಯ ಕುಟುಂಬ ವ್ಯವಸ್ಥೆ. ಹಂದಿಯ ಹಿಂಡೆಂದರೆ ನಮ್ಮ ತುಳುನಾಡಿನ ಅಳಿಯಕಟ್ಟಿನ ಹಳೆಯ ಮನೆಯಿದ್ದಂತೆ: ಅಜ್ಜಿ, ಅವಳ ಹೆಣ್ಣುಮಕ್ಕಳು, ಅವರ ಮಕ್ಕಳು ಒಟ್ಟಿಗಿರುತ್ತಾರೆ, ಪ್ರಾಯದ ಗಂಡುಗಳು ಹೊರಗೆ ಒಂಟಿಯಾಗಿ ತಿರುಗುತ್ತವೆ. ಬೇಟೆಗೆಂದು ಹಣ ತೆತ್ತು ಬಂದವರ ಕಣ್ಣು ಬೀಳುವುದು ಗೋಡೆಗೆ ತಗುಲಿಹಾಕಬಹುದಾದ ಕೋರೆಯ ದೊಡ್ಡ ಗಂಡಿನ ಮೇಲೆ. ಅದು ಸತ್ತರೆ ಸಂತಾನಕ್ಕೇನೂ ಕೊರತೆಯಿಲ್ಲ, ಆ ಕೆಲಸಕ್ಕೆ ಬೇರೆ ಗಂಡು ಬರುತ್ತದೆ. ಅಕಸ್ಮಾತ್ ಹಿಂಡಿಗೇ ಗುರಿಯಿಟ್ಟರೆ ಒಂದೋ ಎರಡೋ ಉರುಳುತ್ತವೆ, ಮಿಕ್ಕವು ದಿಕ್ಕಾಪಾಲಾಗಿ ಓಡಿ ಪಕ್ಕದ ಜಮೀನು ಸೇರುತ್ತವೆ. ಬದುಕಿದವು ಕಲಿಯುತ್ತವೆ: ಹಗಲು ಹೊರಬೀಳುವುದಿಲ್ಲ, ಮನುಷ್ಯರ ಸುಳಿವಿದ್ದ ಕಡೆ ಬೋನಿನೊಳಕ್ಕೆ ಕಾಲಿಡುವುದಿಲ್ಲ. 2019ರಲ್ಲಿ ಅರ್ಕಾನ್ಸಾಸಿನ ಒಬ್ಬರು, ಮಕ್ಕಳು ಆಡುವಾಗ ಅಂಗಳಕ್ಕೆ ನುಗ್ಗುವ 30ರಿಂದ 50 ಹಂದಿಗಳನ್ನು ಕೊಲ್ಲುವುದು ಹೇಗೆ ಎಂದು ಬಂದೂಕಿನ ಪರವಾಗಿ ಕೇಳಿ ಜಗತ್ತಿನ ನಗೆಗೆ ಗುರಿಯಾದರು. ನಗುವಂಥದ್ದೇನೂ ಇರಲಿಲ್ಲ, ಅಷ್ಟು ದೊಡ್ಡ ಗುಂಪುಗಳೂ ಇರುತ್ತವೆ. ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ಎಂಥದೇ ಬಂದೂಕಿನಿಂದ ಗುಂಡು ಹಾರಿಸಿದರೂ ಐವತ್ತರಲ್ಲಿ ನಲವತ್ತೈದು ಎಲ್ಲಿಗೆ ಹೋಗುತ್ತವೆ?

ಕೊಲ್ಲುವವರು ಯಾರು ಎನ್ನುವುದರಷ್ಟೇ ಮುಖ್ಯವಾದದ್ದು ಉಣಿಸುವವರು ಯಾರು ಎನ್ನುವುದು. ಜಿಂಕೆಯನ್ನು ಕರೆಯಲೆಂದು ಟೆಕ್ಸಾಸಿನ ಬೇಟೆಜಮೀನುಗಳಲ್ಲಿ ಯಂತ್ರಗಳ ಮೂಲಕ ಮೆಕ್ಕೆಜೋಳ ಚೆಲ್ಲಲಾಗುತ್ತದೆ. ಅದರಲ್ಲಿ ದೊಡ್ಡ ಪಾಲು ಹಂದಿಯ ಹೊಟ್ಟೆ ಸೇರುತ್ತದೆ, ಹೊಟ್ಟೆ ತುಂಬಿದ ತಾಯಿ ಹೆಚ್ಚು ಮರಿ ಉಳಿಸಿಕೊಳ್ಳುತ್ತದೆ. ಜಾರ್ಜಿಯಾದ ಫೋರ್ಟ್ ಬೆನ್ನಿಂಗ್ ಸೇನಾ ನೆಲೆಯಲ್ಲಿ 2007-08ರಲ್ಲಿ ಹಂದಿಯ ಬಾಲ ತಂದವರಿಗೆ ತಲಾ 40 ಡಾಲರ್ ಇನಾಮು ಕೊಡುವ ಪ್ರಯೋಗ ನಡೆಯಿತು. ಸಾವಿರಕ್ಕೂ ಹೆಚ್ಚು ಬಾಲಗಳು ಬಂದವು, ಬೊಕ್ಕಸದಿಂದ ಹಣವೂ ಹೋಯಿತು. ಸಂಶೋಧಕರು ಲೆಕ್ಕ ಹಾಕಿ ನೋಡಿದಾಗ ಹಂದಿ ಕಡಿಮೆಯಾಗಿರಲಿಲ್ಲ, ಬಹುಶಃ ಹೆಚ್ಚೇ ಆಗಿತ್ತು. ಇನಾಮಿನ ಆಸೆಗೆ ಬೇಟೆಗಾರರು ಹಾಕಿದ ತೀನಿಯೇ ಹಿಂಡನ್ನು ಪೋಷಿಸಿರಬೇಕು ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು.

ಇಂಥ ಸೇವೆಗೆ ಶಾಸಕರ ಸಹಕಾರವೂ ತಕ್ಕಷ್ಟು ಸಿಕ್ಕಿದೆ. 2011ರಲ್ಲಿ ಹೆಲಿಕಾಪ್ಟರಿನಲ್ಲಿ ಕುಳಿತು ಹಂದಿ ಹೊಡೆಯುವ ಅವಕಾಶವನ್ನು ಜಮೀನುದಾರರು ಹಣ ಕೊಟ್ಟ ಬೇಟೆಗಾರರಿಗೂ ಕೊಡಬಹುದು ಎಂದಾಯಿತು. ಅಂದಿನಿಂದ ಮದುವೆಗೆ ಮುಂಚಿನ ಗೆಳೆಯರ ಪಾರ್ಟಿಗೂ ಕಂಪನಿಯ ವಿಹಾರಕ್ಕೂ ಗಂಟೆಗೆ ಸಾವಿರಗಟ್ಟಲೆ ಡಾಲರಿನ ಆಕಾಶಬೇಟೆ ಮಾರಾಟಕ್ಕಿದೆ. 2017ರಲ್ಲಿ ಬಿಸಿಗಾಳಿಯ ಬಲೂನಿನಿಂದಲೂ ಹೊಡೆಯಬಹುದೆಂದು ಕಾನೂನಾಯಿತು. ಹೆಲಿಕಾಪ್ಟರಿನ ಸದ್ದಿಗೆ ಹಂದಿ ಓಡುತ್ತದೆ, ಬಲೂನು ನಿಶ್ಶಬ್ದ ಎಂಬ ವಾದ ಶಾಸನಸಭೆಯಲ್ಲಿ ಗಂಭೀರವಾಗಿಯೇ ಕೇಳಿಬಂತು. ಬಲೂನು ಗಾಳಿ ಬೀಸಿದತ್ತ ಹೋಗುತ್ತದೆಯೇ ಹೊರತು ಹಂದಿ ಹೋದತ್ತ ಹೋಗುವುದಿಲ್ಲ ಎಂಬ ಸಣ್ಣ ತೊಡಕು ಯಾರಿಗೂ ಅಡ್ಡಬರಲಿಲ್ಲ. 2019ರಲ್ಲಿ ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆಯಿದ್ದರೆ ಹಂದಿ ಬೇಟೆಗೆ ಲೈಸೆನ್ಸೇ ಬೇಡವೆಂದಾಯಿತು. ಪ್ರತಿ ಸಲವೂ ಕೊಲ್ಲುವ ದಾರಿ ಹೆಚ್ಚಿತು, ಪ್ರತಿ ಸಲವೂ ಹಂದಿ ಉಳಿಯಿತು. ಅದೇ 2017ರಲ್ಲಿ ರಾಜ್ಯದ ಕೃಷಿ ಆಯುಕ್ತ ಸಿಡ್ ಮಿಲ್ಲರ್ ವಾರ್ಫರಿನ್ ಬೆರೆಸಿದ ವಿಷಾಹಾರಕ್ಕೆ ಅನುಮತಿ ಕೊಡಲು ಹೊರಟಾಗ ಎದುರು ನಿಂತವರಲ್ಲಿ ಹಂದಿ ಬೇಟೆಗಾರರ ಸಂಘವೂ ಹಂದಿ ಮಾಂಸದ ವ್ಯಾಪಾರಿಗಳೂ ಮುಂಚೂಣಿಯಲ್ಲಿದ್ದರು. ಕೆಲವೇ ವಾರಗಳಲ್ಲಿ ತಯಾರಕರು ಹಿಂದೆ ಸರಿದರು. ವಿಷ ಬೇರೆ ಪ್ರಾಣಿಗಳಿಗೂ ತಗುಲೀತೆಂಬ ವಿರೋಧಿಗಳ ಭಯ ನ್ಯಾಯವಾದದ್ದೇ, ನಾನೂ ವಿಷದ ಪಕ್ಷದವನಲ್ಲ. ಆದರೂ ಪಿಡುಗನ್ನು ನಿರ್ನಾಮ ಮಾಡುತ್ತೇವೆಂದು ಹೊರಟವರು ಪಿಡುಗಿನ ಪರವಾಗಿ ಸಹಿ ಸಂಗ್ರಹಿಸಿದ್ದು ಅಪರೂಪದ ದೃಶ್ಯ. ನಮ್ಮ ಬಾದಾಮಿಯ ಚಾಲುಕ್ಯರು ವರಾಹವನ್ನು ಲಾಂಛನ ಮಾಡಿಕೊಂಡು ನಾಣ್ಯದ ಮೇಲೆ ಒತ್ತಿಸಿದ್ದರು. ತಾವು ಒಂದು ಹೆಜ್ಜೆ ಮುಂದೆ ಹೋಗಿ ವರಾಹವನ್ನೇ ನಾಣ್ಯ ಮಾಡಿದ್ದೀರಿ.

ಬೇಟೆಯಿಂದ ಪ್ರಾಣಿ ಅಳಿಯುವುದಿಲ್ಲ ಎಂದರೆ ಬೈಸನ್ ಏನಾಯಿತು, ಪ್ಯಾಸೆಂಜರ್ ಪಾರಿವಾಳ ಏನಾಯಿತು ಎಂದು ತಾವು ಕೇಳಬಹುದು. ಭಾರತದವರಿಗೆ ಚೀತಾದ ನೆನಪೂ ಇದೆ. 1952ರಲ್ಲಿ ಅದು ಇಲ್ಲಿ ಅಳಿಯಿತೆಂದು ಘೋಷಿಸಿದರು, ಮಹಾರಾಜರ ಬೇಟೆಗಳ ಪಾತ್ರ ಅದರಲ್ಲಿ ಸಣ್ಣದಲ್ಲ. ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಬೈಸನ್ ಒಂದು ಸೂಲಿಗೆ ಒಂದು ಕರು ಹಾಕುತ್ತದೆ, ಆ ಪಾರಿವಾಳ ಒಂದು ಸಲಕ್ಕೆ ಒಂದು ಮೊಟ್ಟೆ ಇಡುತ್ತಿತ್ತು. ಅದಕ್ಕಿಂತ ದೊಡ್ಡ ವ್ಯತ್ಯಾಸವೆಂದರೆ, ಅವುಗಳನ್ನು ಕೊಂದವರಿಗೆ ಬೇಕಾಗಿದ್ದದ್ದು ಚರ್ಮ ಮತ್ತು ಮಾಂಸ. ಮುಂದಿನ ವರ್ಷವೂ ಗಿರಾಕಿಗೆ ತೋರಿಸಲು ಒಂದಷ್ಟು ಉಳಿದಿರಲಿ ಎಂದು ಅವರು ಜೋಳ ಚೆಲ್ಲಲಿಲ್ಲ.

ತನ್ನ ಜಮೀನಿನಲ್ಲಿ ತಾನು ಏನಾದರೂ ಮಾಡಿಕೊಳ್ಳುವ ಹಕ್ಕು ಮಾಲೀಕನದು ಎಂಬುದು ಎರಡನೆಯ, ತಮ್ಮ ರಾಜ್ಯದಲ್ಲಿ ಎಲ್ಲಕ್ಕಿಂತ ಬಲವಾದ ಆಕ್ಷೇಪ. ಟೆಕ್ಸಾಸಿನ ನೆಲದಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಖಾಸಗಿ ಎನ್ನುವಾಗ ಅದನ್ನು ತಳ್ಳಿಹಾಕುವಂತಿಲ್ಲ. ಬೆಳೆ ಕಳೆದುಕೊಂಡ ರೈತ ತನ್ನ ಹೊಲಕ್ಕೆ ನುಗ್ಗಿದ ಹಂದಿಯನ್ನು ಹೊಡೆಯಬಾರದೆಂದು ನಾನು ಹೇಳುತ್ತಿಲ್ಲ. ಪ್ರಶ್ನೆ ಇರುವುದು ಹೊಲ ಕಾಯುವ ಗುಂಡಿಗೂ ಟಿಕೆಟ್ಟಿನ ಗುಂಡಿಗೂ ನಡುವಿನ ವ್ಯತ್ಯಾಸದಲ್ಲಿ. ಹಂದಿ ಸರ್ವೆ ನಂಬರು ನೋಡಿ ಓಡಾಡುವುದಿಲ್ಲ. ಒಬ್ಬ ತಿಂಗಳುಗಟ್ಟಲೆ ತೀನಿ ಹಾಕಿ, ಕ್ಯಾಮರಾ ಇಟ್ಟು, ಇಡೀ ಹಿಂಡು ಬೋನಿಗೆ ಒಗ್ಗುವ ತನಕ ಕಾಯುತ್ತಾನೆ. ಪಕ್ಕದವನು ಅದೇ ವಾರ ಇಬ್ಬರು ಗಿರಾಕಿಗಳಿಗೆ ರಾತ್ರಿ ಬೇಟೆ ಮಾರುತ್ತಾನೆ. ಎರಡು ಗುಂಡಿನ ಸದ್ದಿಗೆ ಮೊದಲನೆಯವನ ತಿಂಗಳ ಕೆಲಸ ಮಣ್ಣುಪಾಲು. ಇಲ್ಲಿ ಯಾರ ಆಸ್ತಿಯ ಹಕ್ಕು ಯಾರದನ್ನು ತುಳಿಯಿತು?

ಬೇಟೆಯ ಬಾಡಿಗೆ ಎಷ್ಟೋ ಸಣ್ಣ ಜಮೀನುದಾರರನ್ನು ಬರಗಾಲದಲ್ಲಿ ಉಳಿಸಿದೆ ಎಂಬ ಮಾತೂ ಸುಳ್ಳಲ್ಲ. ಹಂದಿ ಬೆಳೆ ತಿಂದು ಮಾಡಿದ ಸಾಲವನ್ನು ಹಂದಿ ತೋರಿಸಿ ತೀರಿಸುತ್ತಿದ್ದಾರೆ, ಪಾಪ. ಆ ವರಮಾನವನ್ನು ವರಮಾನವೆಂದೇ ಕರೆಯಲಿ, ಪಿಡುಗು ನಿಯಂತ್ರಣ ಎನ್ನದಿರಲಿ. ನಿಯಂತ್ರಣವೆಂದರೆ ಏನೆಂದು ಬೇರೆ ರಾಜ್ಯಗಳು ತೋರಿಸಿವೆ. ಟೆನೆಸೀ 1999ರಲ್ಲಿ ಹಂದಿ ಹೆಚ್ಚಿತೆಂದು ರಾಜ್ಯವಿಡೀ ಬೇಟೆಗೆ ಬಾಗಿಲು ತೆರೆಯಿತು. ಕೆಲವೇ ಕೌಂಟಿಗಳಲ್ಲಿದ್ದ ಹಂದಿ ಒಂದು ದಶಕದಲ್ಲಿ 95ರ ಪೈಕಿ ಸುಮಾರು 80 ಕೌಂಟಿಗಳಿಗೆ ಹಬ್ಬಿತು. 2011ರಲ್ಲಿ ಆ ರಾಜ್ಯ ದಾರಿ ಬದಲಿಸಿ, ಹಂದಿಯನ್ನು ಬೇಟೆಯ ಪ್ರಾಣಿಗಳ ಪಟ್ಟಿಯಿಂದಲೇ ತೆಗೆಯಿತು. ಕಾನ್ಸಾಸ್ 2006ರಲ್ಲೇ ಹಂದಿಯನ್ನು ಮೋಜಿಗೆ ಬೇಟೆಯಾಡುವುದನ್ನು ನಿಷೇಧಿಸಿತು. ಜಮೀನಿನ ಮಾಲೀಕ ಮತ್ತು ಅವನು ಗೊತ್ತುಮಾಡಿದವರು ಆಸ್ತಿ ರಕ್ಷಣೆಗೆ ಕೊಲ್ಲಬಹುದು, ಅಷ್ಟೆ. ಅಲ್ಲಿ ಹಂದಿ ಇಂದಿಗೂ ಗಡಿಯ ಆಸುಪಾಸಿನ ಕೆಲವು ಮೂಲೆಗಳಲ್ಲಷ್ಟೇ ಇದೆ. ಮಿಸೂರಿ 2016ರಲ್ಲಿ ತನ್ನ ಸಂರಕ್ಷಣಾ ಇಲಾಖೆಯ ಭೂಮಿಯಲ್ಲಿ ಹಂದಿ ಬೇಟೆ ನಿಲ್ಲಿಸಿ, ಇಡೀ ಹಿಂಡನ್ನು ಒಟ್ಟಿಗೆ ಹಿಡಿಯುವ ಬೋನುಗಳ ಮೇಲೆ ಹಣ ಸುರಿಯಿತು. ಬೇಟೆಗಾರರು ಬೊಬ್ಬೆ ಹೊಡೆದರು, ಹಂದಿಗಳ ನೆಲೆ ಅರ್ಧಕ್ಕಿಂತ ಹೆಚ್ಚು ಕುಗ್ಗಿತು. ಕೊಲರಾಡೊ 2020ರಲ್ಲಿ ತನ್ನಲ್ಲಿ ಕಾಡುಪಾಲಾದ ಹಂದಿಯೇ ಉಳಿದಿಲ್ಲವೆಂದು ಘೋಷಿಸಿತು. ಇವೆಲ್ಲ ಟೆಕ್ಸಾಸಿನಷ್ಟು ಹಂದಿಯಿದ್ದ ರಾಜ್ಯಗಳಲ್ಲ ಎಂದು ತಾವು ಹೇಳುತ್ತೀರಿ. ನಿಜ. ಆದರೆ ಅಷ್ಟಾಗುವ ಮೊದಲು ಅವುಗಳಲ್ಲಿ ಕೆಲವಾದರೂ ಮೋಜಿನ ಬೇಟೆಯನ್ನು ತಡೆದವು ಎನ್ನುವುದೂ ನಿಜ.

ಇದನ್ನೋದಿ ಕರ್ನಾಟಕದ ಅಡಿಕೆ, ಮೆಕ್ಕೆಜೋಳದ ರೈತರು ನಮ್ಮ ಕಾಡುಹಂದಿಯ ಮಾತೇನು ಎಂದು ಕೇಳಿಯಾರು. ಅದು ಈ ನೆಲದ್ದೇ ಪ್ರಾಣಿ, ಹುಲಿ, ಸೀಳುನಾಯಿಗಳ ಆಹಾರ, ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿರುವಂಥದ್ದು. ಟೆಕ್ಸಾಸಿನ ನ್ಯಾಯ ಇಲ್ಲಿಗೆ ಹೊಂದುವುದಿಲ್ಲ. ಇಲ್ಲಿಯೂ ಹಂದಿ ಬೇಟೆಯ ಪ್ಯಾಕೇಜು ಮಾರೋಣ ಎಂಬ ಸಲಹೆ ಯಾರಿಂದಲಾದರೂ ಬಂದರೆ, ಮೇಲಿನ ಅಂಕಿಗಳನ್ನು ಅವರ ಮುಂದಿಡಿ ಎಂದಷ್ಟೇ ಕೋರುತ್ತೇನೆ.

ತಮ್ಮಲ್ಲಿ ಬೇಡಿಕೆ ಎರಡೇ. ಖಾಸಗಿ ಜಮೀನಿನಲ್ಲಿ ಹಣ ಪಡೆದು ಹಂದಿ ಬೇಟೆಯಾಡಿಸುವುದನ್ನು ನಿಲ್ಲಿಸುವ ಕಾನೂನು ತನ್ನಿ, ರೈತನ ಆತ್ಮರಕ್ಷಣೆಯ ಗುಂಡನ್ನು ಹಾಗೆಯೇ ಬಿಡಿ. ಹೆಲಿಕಾಪ್ಟರನ್ನು ತರಬೇತಾದ ಸರ್ಕಾರಿ ಗುರಿಕಾರರಿಗೆ ಬಿಟ್ಟು, ಅಕ್ಕಪಕ್ಕದ ಜಮೀನುದಾರರು ಸೇರಿ ಹಿಂಡಿಗೆ ಹಿಂಡನ್ನೇ ಹಿಡಿಯುವ ಬೋನುಗಳಿಗೆ ರಾಜ್ಯದ ಹಣ ಕೊಡಿ. ಟೆಕ್ಸಾಸ್ ಶಾಸನಸಭೆಯ ನಿಯತ ಅಧಿವೇಶನ ಬೆಸ ಸಂಖ್ಯೆಯ ವರ್ಷಗಳಲ್ಲಿ ಮಾತ್ರ, ಜನವರಿಯಿಂದ 140 ದಿನ ನಡೆಯುತ್ತದೆ. ಈ ವಿಷಯವನ್ನು ಮೊದಲ ವಾರದಲ್ಲೇ ಕೈಗೆತ್ತಿಕೊಳ್ಳಿ, ಏಕೆಂದರೆ ಅಧಿವೇಶನ ಉದ್ಘಾಟನೆಯಾದ ದಿನ ಗಬ್ಬವಾದ ಹಂದಿ ಅದು ಮುಗಿಯುವ 25 ದಿನ ಮೊದಲೇ ಈದಿರುತ್ತದೆ.