ಮಿನಿಯಾಪೊಲಿಸ್‌ನಲ್ಲಿ ಮನುಷ್ಯರಿದ್ದಾರೆಯೇ? ಒಂದು ಪ್ರಮಾಣಬದ್ಧ ಜಿಜ್ಞಾಸೆ

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ, ಮಿಸಿಸಿಪ್ಪಿ ನದಿಯ ದಂಡೆಯಲ್ಲಿ, ಮಿನಿಯಾಪೊಲಿಸ್ ಎಂಬ ನಗರವಿದೆ ಎಂಬಲ್ಲಿ ಯಾರ ತಕರಾರೂ ಇಲ್ಲ. ಅದರಲ್ಲಿ ಮನುಷ್ಯರಿದ್ದಾರೆಯೇ ಎಂಬಲ್ಲಿ ಮಾತ್ರ ಮತಭೇದವಿದೆ. 2020ರ ಜನಗಣತಿ ಸುಮಾರು 4.3 ಲಕ್ಷ ಎನ್ನುತ್ತದೆ. ಆದರೆ ಜನಗಣತಿಯವರು ಜನವರಿಯ ರಾತ್ರಿ ಎಂಟು ಗಂಟೆಗೆ ನಿಕಲೆಟ್ ಮಾಲ್‌ನಲ್ಲಿ ನಿಂತು ತಲೆ ಎಣಿಸಿದವರಲ್ಲ. ಪ್ರಸ್ತುತ ಪ್ರಬಂಧಕಾರನು ನಿಂತಿದ್ದಾನೆ, ಎಣಿಸಲು ಹೊರಟಿದ್ದಾನೆ, ಎಣಿಸುವ ಬೆರಳೇ ಮರಗಟ್ಟಿದ್ದರಿಂದ ಲೆಕ್ಕ ಕೈಬಿಟ್ಟಿದ್ದಾನೆ.

ಮೊದಲು ಈ ವಿಷಯದಲ್ಲಿ ಬಾಯಿಬಿಡುವ ಅಧಿಕಾರ ಯಾರಿಗಿದೆ ಎಂದು ತೀರ್ಮಾನವಾಗಬೇಕು. ಪ್ರವಾಸಿಗನಿಗಿಲ್ಲ, ಕೈಯಿಂದ ದುಡ್ಡು ಹಾಕಿ ಬಂದವನು ಊರು ಚೆನ್ನಾಗಿದೆ ಎನ್ನಲೇಬೇಕು. ಅಲ್ಲೇ ನೆಲೆಸಿದವನಿಗೂ ಇಲ್ಲ. ಅವನು ಮೂವತ್ತು ವರ್ಷದ ಸಾಲಕ್ಕೆ ಮನೆ ಕೊಂಡಿದ್ದಾನೆ. ಮಗಳ ಬಾಣಂತನಕ್ಕೆ ಹೋದ ತಾಯಂದಿರು ಅಮೆರಿಕದ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬರೆದಿದ್ದಾರೆ. ಅವರ ಸಾಮಗ್ರಿಗೆ ಕೈಹಾಕುವ ಧೈರ್ಯ ನಮಗಿಲ್ಲ. ಉಳಿದವನು ಕಂಪನಿಯ ಖರ್ಚಿನಲ್ಲಿ ಒಬ್ಬನೇ ಹೋಗಿಬರುವ ಕಚೇರಿ-ಯಾತ್ರಿಕ. ಅವನ ಲಕ್ಷಣಗಳು: ಒಂದು ಗಾಲಿ ಪೆಟ್ಟಿಗೆ, ಎರಡು ಚಾರ್ಜರು, ರಾತ್ರಿ ಊಟಕ್ಕೆ ಕೂತಾಗಲೂ ಕುತ್ತಿಗೆಯಿಂದ ತೆಗೆಯಲು ಮರೆತ ವಿಸಿಟರ್ ಬ್ಯಾಡ್ಜು. ಮಿನಿಯಾಪೊಲಿಸ್‌ನಲ್ಲಿ ಪ್ರಧಾನ ಕಚೇರಿಯಿರುವ ಟಾರ್ಗೆಟ್ ಬೆಂಗಳೂರಿನಲ್ಲೂ ದೊಡ್ಡ ಕಚೇರಿ ಇಟ್ಟುಕೊಂಡಿರುವುದರಿಂದ, ಈ ಪ್ರಭೇದ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ನಸುಕಿಗೇ ಕಾಣಸಿಗುತ್ತದೆ. ಇವನು ಊರನ್ನು ಹೊಗಳಿದರೂ ಲಾಭವಿಲ್ಲ, ತೆಗಳಿದರೂ ನಷ್ಟವಿಲ್ಲ. ಊರಿನ ಬಗ್ಗೆ ಅವನು ಬರೆಯುವ ಏಕೈಕ ಗ್ರಂಥ ಖರ್ಚಿನ ಪಟ್ಟಿ. ಅದನ್ನೂ ಆಧಾರಸಹಿತ ಬರೆಯುತ್ತಾನೆ. ಇಷ್ಟು ನಿರ್ಲಿಪ್ತ ಸಾಕ್ಷಿ ಬೇರೆ ಎಲ್ಲಿ ಸಿಕ್ಕೀತು?

ಇನ್ನು ಪ್ರಮಾಣಗಳು. ಮೊದಲನೆಯದು ಪ್ರತ್ಯಕ್ಷ.

ನಿಕಲೆಟ್ ಮಾಲ್ ಎಂದೊಡನೆ ಎಸ್ಕಲೇಟರ್ ಹುಡುಕಬೇಡಿ, ಅದು ರಸ್ತೆ. 1960ರ ದಶಕದಲ್ಲಿ ಕಾರುಗಳನ್ನು ಆಚೆ ಅಟ್ಟಿ, ಜನ ನಡೆದಾಡಲೆಂದೇ ಲಾರೆನ್ಸ್ ಹಾಲ್ಪ್ರಿನ್ ಎಂಬ ವಿನ್ಯಾಸಕಾರ ಅಂಕುಡೊಂಕಾಗಿ ಬಿಡಿಸಿಕೊಟ್ಟ ರಸ್ತೆ. ನಡೆಯಲು ಬೇಕಾದ್ದೆಲ್ಲ ಅಲ್ಲಿದೆ: ಅಗಲವಾದ ಫುಟ್‌ಪಾತು, ಬೆಂಚು, ದೀಪ, ಟೊಪ್ಪಿಯನ್ನು ಗಾಳಿಗೆ ಎಸೆಯುತ್ತಿರುವ ನಟಿ ಮೇರಿ ಟೈಲರ್ ಮೂರ್ ಅವರ ಕಂಚಿನ ಪ್ರತಿಮೆ. ನಡೆಯುವವರು ಮಾತ್ರ ಇಲ್ಲ. ಮೈನಸ್ ಇಪ್ಪತ್ತರಲ್ಲಿ ತಲೆಯಿಂದ ಟೊಪ್ಪಿ ತೆಗೆಯುವ ಎದೆಗಾರಿಕೆ ಕಂಚಿಗಷ್ಟೇ ಸಾಧ್ಯ. ಸಿಗ್ನಲ್ಲಿನಲ್ಲಿ ಬಿಳಿಯ ನಡೆವ ಮನುಷ್ಯ ಮೂಡುತ್ತಾನೆ, ಕೆಂಪು ಕೈ ಮೂಡುತ್ತದೆ, ಮತ್ತೆ ಬಿಳಿಯ ಮನುಷ್ಯ. ಇಡೀ ಬೀದಿಯಲ್ಲಿ ನಡೆಯುತ್ತಿರುವವನು ಅವನೊಬ್ಬನೇ. ಪ್ರಬಂಧಕಾರನು ಎರಡೂ ಕಡೆ ಒಂದು ವಾಹನವೂ ಇಲ್ಲದ ರಸ್ತೆಯ ಅಂಚಿನಲ್ಲಿ ಕೆಂಪು ಕೈಗೆ ಹೆದರಿ ನಿಂತು, ನಿರ್ಜನವಾದವನ್ನು ಸ್ಥಾಪಿಸಿದನು: ಈ ಊರಿನಲ್ಲಿ ಕಟ್ಟಡಗಳಿವೆ, ಜನರಿಲ್ಲ.

ಈ ಸಿದ್ಧಾಂತ ಮರುದಿನ ಬೆಳಗಿನವರೆಗೆ ಚೆನ್ನಾಗಿಯೇ ನಡೆಯಿತು. ಆಗ ಎರಡನೆಯ ಪ್ರಮಾಣವಾದ ಅನುಮಾನ ಅಡ್ಡಬಂತು. ತಲೆಯೆತ್ತಿ ನೋಡಿದರೆ, ರಸ್ತೆಯ ಮೇಲೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಅಡ್ಡಲಾಗಿ ಗಾಜಿನ ಪೆಟ್ಟಿಗೆ. ಅದರೊಳಗೆ ಬರೀ ಅಂಗಿ ತೊಟ್ಟ ಒಬ್ಬಾತ ಕಾಫಿ ಕಪ್ಪು ಹಿಡಿದು ದಾಟುತ್ತಿದ್ದಾನೆ. ಕೋಟಿಲ್ಲದವನು ಈ ಚಳಿಯಲ್ಲಿ ಹೊರಗೆ ನಡೆಯಲಾರ, ಇವನು ನಡೆಯುತ್ತಿದ್ದಾನೆ, ಆದ್ದರಿಂದ ಇವನು ಹೊರಗಿಲ್ಲ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ. ಎಲ್ಲಿ ಕಾಫಿ ಕಪ್ಪೋ ಅಲ್ಲಿ ಕ್ಯೂ. ಪ್ರಬಂಧಕಾರ ಎಸ್ಕಲೇಟರ್ ಹತ್ತಿದ. ಊರು ಅಲ್ಲಿತ್ತು.

ಇದರ ಹೆಸರು ಸ್ಕೈವೇ. ಸುಮಾರು 15 ಕಿಲೋಮೀಟರ್ ಉದ್ದ, 80ರಷ್ಟು ಬ್ಲಾಕ್‌ಗಳಿಗೆ ಹೊಂದಿಕೊಂಡ ಜಾಲ, ಎಲ್ಲವೂ ಒಂದು ಮಹಡಿ ಮೇಲೆ. ಕ್ಷೌರದಂಗಡಿ, ಹಲ್ಲಿನ ಡಾಕ್ಟರು, ಬೀಗದ ಕೈ ಮಾಡುವವನು, ಸೂಪು ಮಾರುವವರು, ಶೂ ಪಾಲಿಶ್. ಇದರ ಹುಟ್ಟಿಗೆ ಕಾರಣ ಚಳಿ ಎಂದು ಯಾತ್ರಿಕರು ತಿಳಿಯುತ್ತಾರೆ. ಚಳಿ ಅದಕ್ಕಿಂತ ಮೊದಲೂ ಇತ್ತು. ನಿಜವಾದ ಕಾರಣ ಹೊಟ್ಟೆಕಿಚ್ಚು. 1956ರಲ್ಲಿ ಪಕ್ಕದ ಈಡೈನಾದಲ್ಲಿ, ವಿಯೆನ್ನಾದಿಂದ ಬಂದ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್ ರೂಪಿಸಿದ ಸೌತ್‌ಡೇಲ್ ತೆರೆಯಿತು. ಪೂರ್ತಿ ಮುಚ್ಚಿದ, ಒಳಗೆ ವರ್ಷವಿಡೀ ಒಂದೇ ಹದದ ಹವೆಯಿರುವ ಶಾಪಿಂಗ್ ಮಾಲ್ ಅಮೆರಿಕದಲ್ಲಿ ಅದೇ ಮೊದಲು. ಗಿರಾಕಿಗಳು ಅತ್ತ ಹೊರಟರು. ಡೌನ್‌ಟೌನಿನವರು ಕಂಗಾಲಾದರು. ಲೆಸ್ಲಿ ಪಾರ್ಕ್ ಎಂಬ ಕಟ್ಟಡೋದ್ಯಮಿ, ಎಡ್ ಬೇಕರ್ ಎಂಬ ವಾಸ್ತುಶಿಲ್ಪಿಯನ್ನು ಹಿಡಿದು 1962ರಲ್ಲಿ ಮೊದಲ ಗಾಜಿನ ಸೇತುವೆ ಕಟ್ಟಿಸಿದ. ಆಮೇಲೆ ಒಬ್ಬರನ್ನು ನೋಡಿ ಒಬ್ಬರು ಕಟ್ಟಿದರು. ಕೆಳಗೆ ನಡೆಯುವವರಿಗಾಗಿ ರಸ್ತೆ ಮಾಡಿಸಿದ್ದು, ಮೇಲೆ ನಡೆಯುವವರನ್ನೆಲ್ಲ ಎತ್ತಿಕೊಂಡದ್ದು, ಎರಡೂ ಒಂದೇ ದಶಕದ, ಒಂದೇ ಡೌನ್‌ಟೌನಿನ ಸಾಧನೆ. ನಮ್ಮ ನಗರಪಾಲಿಕೆಗಳ ಬಗ್ಗೆ ದೂರುವವರು ಇದನ್ನು ಗಮನಿಸತಕ್ಕದ್ದು.

ಹೀಗೆ ಊರ್ಧ್ವಜನವಾದ ಹುಟ್ಟಿತು: ಮನುಷ್ಯರಿದ್ದಾರೆ, ಆದರೆ ಮೊದಲ ಮಹಡಿಯಿಂದ ಮೇಲೆ. ಇದಕ್ಕೂ ಕಾಲದ ಮಿತಿ ಇದೆ ಎಂಬುದು ಸಂಜೆಗೆ ತಿಳಿಯಿತು. ಸ್ಕೈವೇ ಸಾರ್ವಜನಿಕರದಲ್ಲ, ಕಟ್ಟಡದವರದು. ಪ್ರತಿ ಕಟ್ಟಡಕ್ಕೂ ಬಾಗಿಲು ಹಾಕುವ ತನ್ನದೇ ಹೊತ್ತು. ಮೂರು ಕಟ್ಟಡ ದಾಟಿ ನಾಲ್ಕನೆಯದರಲ್ಲಿ ಗಾಜಿನ ಬಾಗಿಲು ಜಗ್ಗಿದರೆ ಬರಲಿಲ್ಲ. ಮೇಲೆ ಟೇಪು ಹಾಕಿ ಅಂಟಿಸಿದ ಒಂದು ಹಾಳೆಯಲ್ಲಿ ವೇಳಾಪಟ್ಟಿ. ಬಾಗಿಲಿನಾಚೆ ಸೇತುವೆ, ಸೇತುವೆಯಾಚೆ ಅವನು ಇಳಿದುಕೊಂಡಿದ್ದ ಹೋಟೆಲಿನ ಲಾಬಿ, ಅಲ್ಲಿ ಉರಿಯುತ್ತಿರುವ ಗ್ಯಾಸ್ ಒಲೆ, ಒಲೆಯ ಮುಂದೆ ಖಾಲಿ ಕುರ್ಚಿ. ಎಲ್ಲವೂ ಕಾಣುತ್ತದೆ, ಯಾವುದೂ ದಕ್ಕುವುದಿಲ್ಲ. ಅದ್ವೈತಿಗಳು ಬಂದು ನೋಡಬೇಕಾದ ಬಾಗಿಲು. ಹಿಂದೆ ತಿರುಗಿದರೆ ಬಂದ ದಾರಿಯ ಬಾಗಿಲೂ ಅಷ್ಟರಲ್ಲಿ ಮುಚ್ಚಿತ್ತು. ಕಾವಲುಗಾರನೊಬ್ಬ ಬಂದು ಮೆಟ್ಟಿಲ ದಾರಿ ತೋರಿಸಿ, ಬೀದಿಗೆ ಇಳಿಸಿ, ಕೈಗವಸು ಹಾಕಿಕೊಳ್ಳಲು ಹೇಳಿ, ಒಳಗಿನಿಂದ ಬೀಗ ಹಾಕಿಕೊಂಡ.

ಬಾಗಿಲಿನ ಪ್ರಸ್ತಾಪ ಬಂದದ್ದರಿಂದ ಸ್ಥಳೀಯರ ದ್ವಾರಧಾರಣ ವ್ರತವನ್ನೂ ಹೇಳಿಬಿಡಬೇಕು. ಮಿನೆಸೋಟದವರು ತಮ್ಮ ಹಿಂದೆ ಯಾರೇ ಬರುತ್ತಿದ್ದರೂ ಬಾಗಿಲು ಹಿಡಿದು ನಿಲ್ಲುತ್ತಾರೆ. ನೀವು ಎರಡು ಹೆಜ್ಜೆ ದೂರದಲ್ಲಿದ್ದರೆ ಅದು ಉಪಕಾರ. ಕಾರಿಡಾರಿನ ಆ ತುದಿಯಲ್ಲಿದ್ದರೆ ಅದು ವ್ಯಾಯಾಮ. ಪಾಪ, ಕಾಯುತ್ತಿದ್ದಾರಲ್ಲ ಎಂದು ಲ್ಯಾಪ್‌ಟಾಪ್ ಚೀಲ ಹೊತ್ತು ಓಡಬೇಕು. ಓಡಿ ಬಂದು ಏದುಸಿರಿನಲ್ಲಿ ಥ್ಯಾಂಕ್ಸ್ ಹೇಳಿದರೆ, ಅವಸರವೇನೂ ಇರಲಿಲ್ಲವಲ್ಲ ಎಂದು ಅವರೇ ಸಂಕೋಚಪಡುತ್ತಾರೆ. ಇವರ ಇನ್ನೊಂದು ನಿಯಮ, ಏನಾದರೂ ಕೊಟ್ಟರೆ ಮೊದಲು ಬೇಡ ಎನ್ನುವುದು, ಎರಡನೆಯ ಸಲವೂ ಬೇಡ ಎನ್ನುವುದು, ಮೂರನೆಯ ಸಲಕ್ಕೆ, ಅಷ್ಟು ಹೇಳ್ತೀರಾದರೆ ಒಂಚೂರು, ಎನ್ನುವುದು. ಮಲೆನಾಡಿನ ಮನೆಗಳಲ್ಲಿ ಎರಡನೆಯ ಹೋಳಿಗೆಯ ಹೊತ್ತಿಗೆ ನಡೆಯುವುದೂ ಇದೇ. ಆದರೆ ಮಲೆನಾಡಿನಲ್ಲಿ ಹೋಳಿಗೆಯ ತನಕ ಕರೆದುಕೊಂಡು ಹೋಗುತ್ತಾರೆ. ಇಲ್ಲಿಯವರು ಕೇಳಿದ ಎಲ್ಲ ಕಡೆಗೂ ದಾರಿ ಹೇಳುತ್ತಾರೆ, ತಮ್ಮ ಮನೆಯೊಂದನ್ನು ಬಿಟ್ಟು. ಇದು ಪ್ರಬಂಧಕಾರನ ಕುಹಕವಲ್ಲ. ಅವರೇ ತಮ್ಮ ಮೇಲೆ ಕಟ್ಟಿಕೊಂಡ ನಗೆಮಾತು.

ಆಹಾರ ಪ್ರಕರಣವನ್ನು ಬೇಗ ಮುಗಿಸುತ್ತೇವೆ, ಏಕೆಂದರೆ ಆಹಾರವೂ ಬೇಗ ಮುಗಿಯಿತು. ಪಟ್ಟಿಯಲ್ಲಿ ವೈಲ್ಡ್ ರೈಸ್ ಸೂಪು ಎಂದು ಕಂಡು ಸಸ್ಯಾಹಾರಿ ಯಾತ್ರಿಕ ಹಿಗ್ಗುತ್ತಾನೆ. ಅದು ನಮ್ಮ ಅಕ್ಕಿಯಲ್ಲ, ಕೆರೆನೀರಿನಲ್ಲಿ ಬೆಳೆಯುವ ಬೇರೊಂದು ಹುಲ್ಲಿನ ಕಾಳು. ಈ ಸೀಮೆಯ ಮೂಲನಿವಾಸಿಗಳಾದ ಓಜಿಬ್ವೆ ಜನ ದೋಣಿಯಲ್ಲಿ ಹೋಗಿ ಕೋಲಿನಿಂದ ಮೆಲ್ಲಗೆ ತಟ್ಟಿ ಉದುರಿಸಿಕೊಳ್ಳುವಂಥದ್ದು. ರುಚಿಯಾಗಿರುತ್ತದಂತೆ, ಆದರೆ ಸೂಪಿನಲ್ಲಿ ಅದರ ಜೊತೆಗೆ ಸಾಮಾನ್ಯವಾಗಿ ಕೋಳಿ ಇರುತ್ತದೆ. ಆದ್ದರಿಂದ ಕೋಣೆಯ ಕಾಫಿ ಯಂತ್ರದಲ್ಲಿ ಬಿಸಿನೀರು ಇಳಿಸಿ, ಕಾಗದದ ಕಪ್ಪಿನಲ್ಲಿ ಎಂಟಿಆರ್ ಉಪ್ಪಿಟ್ಟು ನೆನೆಸಿ, ಮೇಲೊಂದು ತಟ್ಟೆ ಮುಚ್ಚಿ, ಒಗ್ಗರಣೆಯ ವಾಸನೆ ಕಾರಿಡಾರಿಗೆ ಹೋಗದಂತೆ ಬಾಗಿಲ ಸಂದಿಗೆ ಟವೆಲು ತುರುಕುವುದು ಸಂಪ್ರದಾಯ. ಕಿಟಕಿ ತೆರೆಯುವಂತಿಲ್ಲ. ಮರುದಿನ ಕೋಣೆ ಒಪ್ಪ ಮಾಡುವಾಕೆ ಟವೆಲನ್ನು ಮಡಿಸಿಟ್ಟು, ಕಾಫಿ ಯಂತ್ರದ ಪಕ್ಕ ಎರಡು ಕಪ್ಪು ಹೆಚ್ಚಿಗೆ ಇಟ್ಟು ಹೋಗಿದ್ದಳು. ಕಣ್ಣಿಗೆ ಬೀಳದಿದ್ದರೂ ಮನುಷ್ಯರಿದ್ದಾರೆ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಅನುಮಾನ ಪ್ರಮಾಣ ನ್ಯಾಯಶಾಸ್ತ್ರದಲ್ಲೂ ಇರಲಾರದು.

ಪ್ರೇಕ್ಷಣೀಯ ಸ್ಥಳಗಳಲ್ಲಿ ಚಮಚದ ಮೇಲೆ ಚೆರಿ ಹಣ್ಣು ಕೂತಿರುವ ದೈತ್ಯ ಶಿಲ್ಪವಿದೆ, ಸೇಂಟ್ ಆಂಥನಿ ಜಲಪಾತವಿದೆ. ಜಲಪಾತದ ಕೆಳಗೆ ಕೊರೆಯುತ್ತಿದ್ದ ಸುರಂಗ 1869ರಲ್ಲಿ ಕುಸಿದು ಜಲಪಾತವೇ ಕೊಚ್ಚಿಹೋಗುವುದರಲ್ಲಿತ್ತು. ಈಗ ನೀರು ಕಾಂಕ್ರೀಟಿನ ಇಳಿಜಾರಿನಲ್ಲಿ ಶಿಸ್ತಾಗಿ ಇಳಿಯುತ್ತದೆ. ಜೋಗ ನೋಡಿದವರು ಸುಮ್ಮನಿದ್ದರೆ ಒಳ್ಳೆಯದು. ಕಚೇರಿ-ಯಾತ್ರಿಕನಿಗೆ ನಿಜವಾದ ಪುಣ್ಯಕ್ಷೇತ್ರ ಫೋಶೇ ಗೋಪುರ. ವಿಲ್ಬರ್ ಫೋಶೇ ಎಂಬ ವ್ಯಾಪಾರಿ ವಾಷಿಂಗ್ಟನ್ ಸ್ಮಾರಕದ ಮಾದರಿಯಲ್ಲಿ 1929ರಲ್ಲಿ ಕಟ್ಟಿಸಿ, ನಾಲ್ಕೂ ಮುಖಕ್ಕೆ ತನ್ನ ಹೆಸರನ್ನೇ ಬರೆಸಿದ 32 ಮಹಡಿಯ ಕಟ್ಟಡ ಅದು. ಉದ್ಘಾಟನೆಗೆಂದು ಬ್ಯಾಂಡ್ ಸಂಗೀತದ ಮಹಾರಾಜ ಜಾನ್ ಫಿಲಿಪ್ ಸೂಸಾ ಅವರಿಂದ ಹೊಸ ಸಂಗೀತ ಬರೆಸಿ, 20,000 ಡಾಲರಿನ ಚೆಕ್ಕು ಕೊಟ್ಟ. ಕೆಲವೇ ವಾರಗಳಲ್ಲಿ ಷೇರುಪೇಟೆ ಬಿತ್ತು, ಚೆಕ್ಕು ವಾಪಸಾಯಿತು, ಫೋಶೇ ಮುಂದೆ ವಂಚನೆಯ ಆರೋಪದಲ್ಲಿ ಜೈಲಿಗೂ ಹೋದ. ಸಾಲ ತೀರುವ ತನಕ ಆ ಸಂಗೀತ ನುಡಿಸಕೂಡದೆಂದು ಸೂಸಾ ಕಟ್ಟು ಹಾಕಿದರು. 1988ರಲ್ಲಿ ಮಿನೆಸೋಟದ ಕೆಲವರು ಸೇರಿ ಬಾಕಿ ತೀರಿಸಿದರು. ಅಂದರೆ ಬಿಲ್ಲು ಪಾಸಾಗಲು 59 ವರ್ಷ. ಟ್ಯಾಕ್ಸಿ ಖರ್ಚು ಮಂಜೂರಾಗಿಲ್ಲವೆಂದು ಅಕೌಂಟ್ಸ್ ವಿಭಾಗಕ್ಕೆ ದಿನಾ ಮೇಲ್ ಕಳಿಸುವವರು ಆ ಗೋಪುರಕ್ಕೆ ಒಂದು ಪ್ರದಕ್ಷಿಣೆ ಹಾಕಿದರೆ ಮನಸ್ಸು ಹಗುರಾಗುತ್ತದೆ.

ಕೊನೆಗೆ ಶಬ್ದಪ್ರಮಾಣ, ಎಂದರೆ ಆಪ್ತರಾದವರ ಮಾತು. ಈ ಊರಿನಲ್ಲಿ ಯಾತ್ರಿಕನಿಗೆ ದೊರೆತ ಏಕೈಕ ಆಪ್ತ ವಿಮಾನ ನಿಲ್ದಾಣಕ್ಕೆ ಬಿಡಲು ಬಂದ ಟ್ಯಾಕ್ಸಿ ಚಾಲಕ. ಸೊಮಾಲಿಯಾದವನು; ಅಮೆರಿಕದಲ್ಲೇ ಅತಿ ಹೆಚ್ಚು ಸೊಮಾಲಿಗಳಿರುವುದು ಈ ಸೀಮೆಯಲ್ಲಿ.

"ಇಂಡಿಯಾನಾ? ಅಮಿತಾಭ್!" ಎಂದು ಕನ್ನಡಿಯಲ್ಲೇ ನಕ್ಕ. ಮೊಗದಿಶುವಿನಲ್ಲಿ ಚಿಕ್ಕಂದಿನಿಂದ ಹಿಂದಿ ಸಿನಿಮಾ ನೋಡಿದ್ದನಂತೆ. ಅವನ ಹಿಂದಿ ಓಡುತ್ತಿತ್ತು. ಶಿವಮೊಗ್ಗದ ಪ್ರಬಂಧಕಾರನದು ಕುಂಟುತ್ತಿತ್ತು.

"ಏನು ಭಾಯ್, ಇಂಡಿಯಾದವರಾಗಿ ಹಿಂದಿ ಬರಲ್ವಾ?"

"ನಮ್ಮದು ಕನ್ನಡ."

"ಅಂದ್ರೆ ನಿಮ್ಮಲ್ಲೂ ಬೇರೆ ಬೇರೆ ಕುಲ," ಎಂದು ಅವನು ತಲೆದೂಗಿದ. ಸೀಡರ್ ಅವೆನ್ಯೂದಲ್ಲಿ ಒಂದು ನಿಮಿಷ ಎಂದು ಕಾರು ನಿಲ್ಲಿಸಿ, ಏಲಕ್ಕಿ, ದಾಲ್ಚಿನ್ನಿ ಹಾಕಿ ಕುದಿಸಿದ ಹಾಲು ಚಹಾ ಎರಡು ಲೋಟ ತಂದ. ಆ ಬೀದಿಯಲ್ಲಿ, ಅದೇ ಚಳಿಯಲ್ಲಿ, ಜನ ಗುಂಪಾಗಿ ನಿಂತು ಜೋರಾಗಿ ಮಾತಾಡುತ್ತಿದ್ದರು. ನೆಲದ ಮೇಲೆಯೇ. ಬೇಡ ಎಂದು ಎರಡು ಸಲ ಹೇಳಲು ಪ್ರಬಂಧಕಾರ ಸಿದ್ಧನಾಗಿದ್ದ. ಒಂದನೆಯದಕ್ಕೇ ಲೋಟ ಕೈಗೆ ಬಂದಿತ್ತು.

ಮುಂದೆ ಹಯವಾತಾ ಅವೆನ್ಯೂದಲ್ಲಿ, 38ನೇ ಬೀದಿಯ ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಅವನು ಬಲಕ್ಕೆ ಕೈ ತೋರಿಸಿದ. ಅದೇ ಬೀದಿಯಲ್ಲಿ ಸ್ವಲ್ಪ ದೂರ ಹೋದರೆ ಶಿಕಾಗೋ ಅವೆನ್ಯೂ ಸಿಗುತ್ತದೆ. 2020ರ ಮೇ 25ರಂದು ಪೊಲೀಸ್ ಅಧಿಕಾರಿಯೊಬ್ಬ ಜಾರ್ಜ್ ಫ್ಲಾಯ್ಡ್ ಅವರ ಕುತ್ತಿಗೆಯ ಮೇಲೆ ಮಂಡಿಯೂರಿ ಕೊಂದದ್ದು ಅಲ್ಲಿ. ಜನ ಇವತ್ತಿಗೂ ಹೂ ತಂದಿಡುತ್ತಾರೆ, ನೋಡಿದಿರಾ, ಎಂದು ಕೇಳಿದ. ಇಲ್ಲ. ಎಂಬತ್ತು ಬ್ಲಾಕಿನ ಗಾಜಿನ ದಾರಿಯಲ್ಲಿ ಅಲ್ಲಿಗೆ ಹೋಗುವ ಬಾಗಿಲು ಇರಲಿಲ್ಲ. ಈ ಪ್ರಕರಣಕ್ಕೆ ಪ್ರಬಂಧಕಾರನ ಬಳಿ ಲಕ್ಷಣವೂ ಇಲ್ಲ, ವಾದವೂ ಇಲ್ಲ.

"ಮತ್ತೆ ಇಷ್ಟು ದಿನ ಎಲ್ಲಿದ್ರಿ?"

"ಡೌನ್‌ಟೌನಿನಲ್ಲಿ. ಹೋಟೆಲು, ಆಫೀಸು. ಸ್ಕೈವೇಲಿ ಓಡಾಟ."

"ಆ ಗಾಜಿನ ಸೇತುವೆಗಳಾ? ದಿನಾ ಅದರ ಕೆಳಗೇ ಕಾರು ಓಡಿಸ್ತೀನಿ, ಮೇಲೆ ಯಾವತ್ತೂ ಹತ್ತಿಲ್ಲ. ನನಗೇನು ಕೆಲಸ ಅಲ್ಲಿ?" ಸಿಗ್ನಲ್ ಹಸಿರಾಯಿತು. ಅವನು ಗೇರು ಹಾಕಿ, ಕನ್ನಡಿಯಲ್ಲಿ ನೋಡುತ್ತ, ನಿಜವಾದ ಕುತೂಹಲದಿಂದ ಕೇಳಿದ: "ಅಲ್ಲಿ ಜನ ಇರ್ತಾರಾ?"

"ಮಧ್ಯಾಹ್ನ ಹನ್ನೊಂದೂವರೆಯಿಂದ ಒಂದರ ತನಕ ಇರ್ತಾರೆ," ಎಂದ ಪ್ರಬಂಧಕಾರ.