ಗಡ್ಡ ಇದ್ದರೆ ಮಾತ್ರ

ಮ್ಯಾಸಚೂಸೆಟ್ಸ್‌ನ ವಸಂತದ ಟರ್ಕಿ ಬೇಟೆಗೆ ಒಂದು ನಿಯಮವಿದೆ: ಹಕ್ಕಿಗೆ ಗಡ್ಡ ಇರಲೇಬೇಕು. ಗಡ್ಡ ಅಂದರೆ ಎದೆಯಿಂದ ಇಳಿಬಿದ್ದ, ಕೂದಲಿನಂಥ ಗರಿಗಳು. ಗಂಡುಗಳಿಗೆ ಸಾಮಾನ್ಯ, ಹೆಣ್ಣುಗಳಿಗೆ ಅಪರೂಪ. ಊಟದ ಹೊತ್ತಲ್ಲಿ ಇದನ್ನು ವಿವರಿಸಿದರೆ ನನ್ನವಳು ನನ್ನ ಕುರುಚಲು ಮುಖ ನೋಡಿ, "ಹಂಗಾದ್ರೆ ಶೇವ್ ಮಾಡ್ಕೊಂಡೇ ಕಾಡಿಗೆ ಹೋಗಿ" ಅಂದಳು.

ಬೇಟೆಗೆ ನಾನು ಆರಿಸಿಕೊಂಡದ್ದು ಬಂದೂಕಲ್ಲ, ಬಿಲ್ಲು. ಅದರಲ್ಲೂ ಕಾಂಪೌಂಡ್ ಬಿಲ್ಲಿಗಾದರೆ ಗಾಲಿಗಳಿವೆ. ಪೂರ್ತಿ ಎಳೆದ ಮೇಲೆ ಬಹುಪಾಲು ಭಾರ ಅವೇ ಹೊರುತ್ತವೆ. ನಾನು ಮಂಡ್ಯ ಕಡೆಯವನು, ಹಟಕ್ಕೆ ಬಿದ್ದು ಮರದ ರಿಕರ್ವ್ ಬಿಲ್ಲು ಕೊಂಡೆ. ಗಾಲಿ ಇಲ್ಲ, ಗುರಿ ನೋಡುವ ಪಿನ್ನಿಲ್ಲ, 45 ಪೌಂಡ್ ಎಳೆತ. ಎರಡು ಸೋನಾ ಮಸೂರಿ ಚೀಲವನ್ನು ಮೂರು ಬೆರಳಲ್ಲಿ ಜಗ್ಗಿ ಹಿಡಿದಂತೆ. ಇಂಡಿಯನ್ ಅಂಗಡಿಯಿಂದ ಒಂದು ಚೀಲ ಒಳಗೆ ತರಲು ಬೆನ್ನುನೋವು ಅನ್ನುವ ಗಂಡ ಗ್ಯಾರೇಜಿನಲ್ಲಿ ಇದನ್ನು ಎಳೆಯುವುದು ಅವಳ ಕಣ್ಣಿಗೆ ಬಿತ್ತು. ಅಕ್ಕಿ ತರುವ ಕೆಲಸ ಖಾಯಂ ನನ್ನದಾಯಿತು.

ಈ ಬಿಲ್ಲಿಗೆ ಹಕ್ಕಿ ಇಪ್ಪತ್ತು ಗಜದೊಳಗೆ ಬರಬೇಕು. ಟರ್ಕಿಗೆ ಮೂಗು ಅಷ್ಟಕ್ಕಷ್ಟೇ, ಕಣ್ಣು ಮಾತ್ರ ಭಯಂಕರ. ಬೆನ್ನ ಹಿಂದೆ ಸ್ವಲ್ಪ ಬಿಟ್ಟರೆ ಸುತ್ತಲೂ ಕಾಣುತ್ತದೆ, ಬಣ್ಣ ಸಮೇತ. ಬಂದೂಕಿನವನು ಮೊದಲೇ ಗುರಿ ಹಿಡಿದು ಅಲ್ಲಾಡದೆ ಕೂರಬಹುದು. ನಾನೋ, ಅದು ಎದುರಿಗೆ ಬಂದ ಮೇಲೆ ಮೊಣಕೈ ಎತ್ತಿ ಎಳೆಯಬೇಕು. ದ್ರೋಣರು ಮರದ ಮೇಲಿಟ್ಟದ್ದು ಗೊಂಬೆ ಹಕ್ಕಿ, ಬಚಾವಾದರು. ಟರ್ಕಿ ಇಟ್ಟಿದ್ದರೆ "ಏನು ಕಾಣುತ್ತಿದೆ" ಎಂಬ ಸಂದರ್ಶನ ಧರ್ಮರಾಯನಿಗೇ ಮುಗಿಯುತ್ತಿತ್ತು; ಅರ್ಜುನನ ಸರದಿಗೆ ಬರೀ ಕೊಂಬೆ.

ಹೆಣ್ಣಿನ ದನಿ ಮಾಡಿ ಗಂಡನ್ನು ಕರೆಯಬೇಕು. ಅದಕ್ಕೆ ಅಂಗೈಯಗಲದ ಸ್ಲೇಟು, ಮೇಲೆ ತೀಡಲು ಕಡ್ಡಿ. ಅಭ್ಯಾಸಕ್ಕೆ ಬಚ್ಚಲುಮನೆ ಬಿಟ್ಟು ಬೇರೆಲ್ಲೂ ಅನುಮತಿ ಸಿಗಲಿಲ್ಲ. ಊರಿಂದ ಬಂದಿದ್ದ ಅತ್ತೆ ಬಾಗಿಲಾಚೆ ನಿಂತು ಕೇಳಿಸಿಕೊಂಡು ಮಗಳಿಗೆ ಗುಟ್ಟಾಗಿ, "ಅಳಿಯಂದ್ರಿಗೆ ಓಂಕಾಳು ಕಷಾಯ ಮಾಡ್ಕೊಡವ್ವ" ಅಂದರಂತೆ. ಮಾಡಿಕೊಟ್ಟಳು. ಕುಡಿದೆ.

ಕಾಡಲ್ಲಿ ನಸುಕಿಗೇ ಕೂತು ತೀಡಿದರೆ ಮರದ ಮೇಲಿಂದ ಗಂಡು ಓಗೊಡುತ್ತದೆ, ಇಳಿಯುತ್ತದೆ, ನಿಜವಾದ ಹೆಣ್ಣಿನ ಹಿಂದೆ ಗುಡ್ಡದಾಚೆ ಹೊರಟುಹೋಗುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಕಾನೂನು ಪ್ರಕಾರ ಬೇಟೆ ಬಂದ್. ಬರಿಗೈಲಿ ಊಟಕ್ಕೆ ಬರುವವನ ಮಾನ ಕಾಯಲೆಂದೇ ಮಾಡಿದ ಕಾನೂನದು.

ಹಾಗಂತ ಹಕ್ಕಿಗೆ ಬರವೇನಿಲ್ಲ. 1851ರ ಹೊತ್ತಿಗೆ ಈ ರಾಜ್ಯದಲ್ಲಿ ಕಾಡು ಟರ್ಕಿ ನಿರ್ನಾಮವಾಗಿತ್ತು. 1970ರ ದಶಕದಲ್ಲಿ ನ್ಯೂಯಾರ್ಕಿನಿಂದ 37 ಹಕ್ಕಿ ಹಿಡಿದು ತಂದು ಬರ್ಕ್‌ಶೈರ್ ಗುಡ್ಡಗಳಲ್ಲಿ ಬಿಟ್ಟರು. ಈಗ ಟರ್ಕಿಗಳು ಬಾಸ್ಟನ್ ಸುತ್ತಲ ಬೀದಿಗಳಲ್ಲೇ ವಾಕಿಂಗ್ ಮಾಡುತ್ತವೆ, ಕಾರಿನ ಬಾಗಿಲಲ್ಲಿ ತಮ್ಮದೇ ಪ್ರತಿಬಿಂಬ ಕಂಡರೆ ಎದುರಾಳಿ ಎಂದು ಕುಕ್ಕುತ್ತವೆ.

ಒಂದು ನಮ್ಮ ಡ್ರೈವ್‌ವೇಗೇ ಬಂತು. ಗೇಣುದ್ದ ಗಡ್ಡ, ಕೆಂಪು ನೀಲಿ ಬಿಳಿ ತಲೆ, ನನ್ನ ಕಾರಿನ ಜೊತೆ ಜಗಳ. ಅಡುಗೆಮನೆ ಕಿಟಕಿಯಿಂದ ಹತ್ತೇ ಗಜ. ಆದರೆ ವಾಸದ ಮನೆಯಿಂದ 500 ಅಡಿಯೊಳಗೆ ಮನೆಯವರ ಅನುಮತಿ ಇಲ್ಲದೆ ಬೇಟೆಯಾಡುವಂತಿಲ್ಲ. ಅಕ್ಕಪಕ್ಕದವರ ಮಾತು ಹಾಗಿರಲಿ, ನಮ್ಮ ಮನೆಯವರ ಮುಖ ನೋಡಿದೆ. "ಕಾರಿನ ಪೇಂಟ್ ಹೋಗ್ತಿದೆ, ಮೊದ್ಲು ಓಡ್ಸಿ" ಅಂದಳು.

"ಕೋಳಿ ಹಿಡಿಯಾಕೆ ಬಿಲ್ಯಾಕೆ? ಒಂದು ಮಂಕರಿ ಕೊಡಿ, ಮುಚ್ಚಾಕ್ತೀನಿ" ಎಂದ ಅತ್ತೆ, ಮಂಕರಿ ಸಿಗದೆ ಲಾಂಡ್ರಿ ಬುಟ್ಟಿ ಎತ್ತಿಕೊಂಡು ಆಗಲೇ ಹೊಸಿಲು ದಾಟಿದ್ದರು. ಬುಟ್ಟಿಯ ಬಗ್ಗೆ ಕಾನೂನು ಏನು ಹೇಳುತ್ತದೆಂದು ಫೋನಿನಲ್ಲಿ ಹುಡುಕುತ್ತಾ ನಾನೂ ಹಿಂದೆಯೇ ಓಡಿದೆ.