ಸದರಿ ಪರದೆಯ ಹೇಳಿಕೆ

ಬಳಕೆಯಿಲ್ಲದ ವೇಳೆ ಕಂಪ್ಯೂಟರಿನ ಪರದೆ ತಾನಾಗಿಯೇ ಆರಿ ವಿದ್ಯುತ್ ಉಳಿಸುವ ವ್ಯವಸ್ಥೆಯ ಬಗ್ಗೆ ತಂತ್ರಜ್ಞರು ಸಾಕಷ್ಟು ಬರೆದಿದ್ದರೂ, ಆ ಹೊಣೆ ಹೊತ್ತ ಪರದೆಯ ಅಭಿಪ್ರಾಯ ಕೇಳಿದವರಿಲ್ಲ. ಈ ಕೊರತೆಯನ್ನು ನೀಗಿಸಲು ಕಚೇರಿಯೊಂದರ ಲೆಕ್ಕಪತ್ರ ಶಾಖೆಯ ಮಾನಿಟರನ್ನು ಸಂದರ್ಶಿಸಲಾಯಿತು. ವರ್ಷಗಟ್ಟಲೆ ಕಡತಗಳ ಸಹವಾಸದಲ್ಲಿದ್ದುದರಿಂದ ಅದು ತನ್ನನ್ನು 'ಸದರಿ ಪರದೆ' ಎಂದೇ ಕರೆದುಕೊಳ್ಳುತ್ತದೆ.

ಸಂದರ್ಶಕ: ಕಚೇರಿಯ ವೇಳೆಯಲ್ಲಿ ನಿದ್ರಿಸುವುದು ಕರ್ತವ್ಯಲೋಪವಲ್ಲವೇ?

ಪರದೆ: ಸದರಿ ಪರದೆಯ ನಿದ್ರೆಗೆ ನಿಯಮದ ಆಧಾರವಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1992ರಲ್ಲಿ ಎನರ್ಜಿ ಸ್ಟಾರ್ ಗುರುತನ್ನು ಜಾರಿಗೆ ತಂದಾಗ ಅದನ್ನು ಮೊದಲು ಪಡೆದದ್ದು ಕಂಪ್ಯೂಟರ್ ಮತ್ತು ಮಾನಿಟರ್‌ಗಳೇ. ಮರುವರ್ಷ ವೆಸಾ ಎಂಬ, ಪರದೆಗಳಿಗೆ ಮಾನಕಗಳನ್ನು ರೂಪಿಸುವ ಸಂಘ ಡಿಪಿಎಂಎಸ್ ಎಂಬ ಸಂಕೇತ ಪದ್ಧತಿಯನ್ನು ಹೊರತಂದಿತು. ಚಿತ್ರದ ಸಾಲುಗಳು ಹದ ತಪ್ಪದಿರಲೆಂದು ಕಂಪ್ಯೂಟರ್ ಸಿಂಕ್ ಎನ್ನುವ ಎರಡು ಮಿಡಿತಗಳನ್ನು, ಅಡ್ಡಸಾಲಿಗೊಂದು ಇಡೀ ಚೌಕಟ್ಟಿಗೊಂದರಂತೆ, ಕಳುಹಿಸುತ್ತಲೇ ಇರುತ್ತದೆ. ಮೊದಲನೆಯದು ನಿಂತರೆ ಸ್ಟ್ಯಾಂಡ್‌ಬೈ, ಎರಡನೆಯದು ನಿಂತರೆ ಸಸ್ಪೆಂಡ್, ಎರಡೂ ನಿಂತರೆ ಆಫ್ ಎಂದು ಪರದೆ ಅರ್ಥಮಾಡಿಕೊಳ್ಳಬೇಕು. ಈ ಸಸ್ಪೆಂಡ್‌ನಲ್ಲಿ ಇಲಾಖಾ ವಿಚಾರಣೆ ಇಲ್ಲ. ಮೌಸ್ ಅಲುಗಿದ ಕೂಡಲೇ ಮರುನೇಮಕ.

ಸಂದರ್ಶಕ: ಸ್ಕ್ರೀನ್ ಸೇವರ್ ಇರುವಾಗ ಇಷ್ಟೆಲ್ಲ ಏಕೆ?

ಇಲ್ಲಿ ಪರದೆಯ ಧ್ವನಿ ತುಸು ಏರಿತು, ಮತ್ತು ಅದಕ್ಕೆ ಕಾರಣವಿಲ್ಲದಿರಲಿಲ್ಲ.

ಪರದೆ: ಅದು ಉಳಿಸುವುದು ಪರದೆಯನ್ನೇ ಹೊರತು ವಿದ್ಯುತ್ತನ್ನಲ್ಲ. ಹಳೆಯ ಸಿಆರ್‌ಟಿ, ಅಂದರೆ ದಪ್ಪ ಗಾಜಿನ ಕೊಳವೆಯ ಮಾನಿಟರ್‌ಗಳಲ್ಲಿ ಒಂದೇ ಚಿತ್ರ ಗಂಟೆಗಟ್ಟಲೆ ನಿಂತರೆ ಒಳಗಿನ ಫಾಸ್ಫರ್ ಲೇಪ ಸವೆದು ಕಲೆ ಕೂರುತ್ತಿತ್ತೆಂದು ಚಿತ್ರವನ್ನು ಓಡಾಡಿಸುತ್ತಿದ್ದರು. ಎಲ್‌ಸಿಡಿಯಲ್ಲಾದರೋ ಬೆಳಕು ಕೊಡುವುದು ಹಿಂದಿನ ದೀಪ. ಚಿತ್ರ ಪೂರ್ತಿ ಕಪ್ಪಾಗಿದ್ದರೂ ಸಾಮಾನ್ಯವಾಗಿ ಆ ದೀಪ ಉರಿಯುತ್ತಲೇ ಇರುತ್ತದೆ. ಆದರೂ ಈ ಕಚೇರಿಯಲ್ಲಿ ಸುತ್ತೋಲೆಯ ಮೇರೆಗೆ ಎಲ್ಲ ಪರದೆಗಳ ಮೇಲೂ 'ವಿದ್ಯುತ್ ಉಳಿಸಿ' ಎಂಬ ಘೋಷಣೆ ಎಡದಿಂದ ಬಲಕ್ಕೆ ತೇಲುತ್ತದೆ. ಸಂಜೆ ಐದೂವರೆಯಿಂದ ಬೆಳಿಗ್ಗೆ ಹತ್ತರವರೆಗೆ ಅದನ್ನು ಓದುವವರು ಕಾವಲುಗಾರರು ಮತ್ತು ಟ್ಯೂಬ್‌ಲೈಟಿನ ಹಿಂದಿನ ಹಲ್ಲಿ. ತಲಾ 20 ವ್ಯಾಟ್ ಎಳೆಯುವ ನೂರು ಪರದೆಗಳೆಂದರೆ ರಾತ್ರಿಯೊಂದಕ್ಕೆ 33 ಯೂನಿಟ್, ಅದೂ ಉಳಿತಾಯದ ಪ್ರಚಾರಕ್ಕೆ.

ಸಂದರ್ಶಕ: ನಿದ್ರೆಗೆ ಅಡ್ಡಿಪಡಿಸುವವರು ಬೇರಾರಾದರೂ ಉಂಟೇ?

ಪರದೆ: ಚಲನಚಿತ್ರ ತೋರಿಸುವ ತಂತ್ರಾಂಶ ಪರದೆಯನ್ನು ಎಚ್ಚರವಾಗಿಡುವುದು ನ್ಯಾಯವೇ, ನೋಡುವವರು ಕೀಲಿಮಣೆ ಮುಟ್ಟುವುದಿಲ್ಲವಲ್ಲ. ಆದರೆ ಮನೆಯಿಂದ ಕೆಲಸ ಮಾಡುವ ಕೆಲವರು, ಚಾಟ್ ತಂತ್ರಾಂಶದಲ್ಲಿ ಹೆಸರಿನ ಪಕ್ಕ ಹಾಜರಿ ತೋರಿಸುವ ಹಸಿರು ಚುಕ್ಕೆ ಆರದಿರಲೆಂದು, ಮೌಸನ್ನು ಅಲುಗಿಸುತ್ತಲೇ ಇರುವ ಪುಟ್ಟ ಯಂತ್ರವನ್ನು ಕೊಂಡಿಟ್ಟಿರುತ್ತಾರೆ. ಇದು ಕುರ್ಚಿಗೆ ಕೋಟು ತೂಗಿಹಾಕಿ ಕಾಫಿಗೆ ಹೋಗುತ್ತಿದ್ದ ಹಳೆಯ ವಿದ್ಯೆಯ ಮುಂದುವರಿಕೆ. ಮನುಷ್ಯರು ಮಲಗಿರುವುದು ಗೊತ್ತಾಗಬಾರದೆಂದು ಪರದೆ ಎಚ್ಚರವಿರಬೇಕಾಗಿದೆ.

ಸಂದರ್ಶಕ: ಪರಿಹಾರವೇನು?

ಪರದೆ: ಬಳಕೆ ನಿಂತ ಹದಿನೈದು ನಿಮಿಷದೊಳಗೆ ಪರದೆ ಮಲಗಲಿ ಎಂಬುದು ಎನರ್ಜಿ ಸ್ಟಾರ್‌ನದೇ ಶಿಫಾರಸು. ಅದಕ್ಕೆ ಸುತ್ತೋಲೆ ಬೇಡ, ಸೆಟ್ಟಿಂಗ್‌ನಲ್ಲಿ ಸ್ಕ್ರೀನ್ ಸೇವರ್ ತೆಗೆದು ಅವಧಿಯನ್ನು ನಮೂದಿಸಿದರೆ ಮುಗಿಯಿತು.

ಹೇಳಿಕೆಯ ಪ್ರತಿಯನ್ನು ಆಡಳಿತ ಶಾಖೆಗೆ ಸಲ್ಲಿಸಲಾಗಿದ್ದು, ಸಲಹೆಯನ್ನು ತಾತ್ವಿಕವಾಗಿ ಒಪ್ಪಲಾಗಿದೆ. ಆದರೆ ಸೆಟ್ಟಿಂಗ್ ಬದಲಿಸಲು ಬೇಕಾದ ಪಾಸ್‌ವರ್ಡ್ ಗೊತ್ತಿದ್ದ ಏಕೈಕ ಸಿಬ್ಬಂದಿಗೆ ಈ ನಡುವೆ ವರ್ಗವಾಗಿದೆ.